ಅಜ್ಜಿ ಬೀಳುವುದು ಬಾಕಿ ಇದೆ

ಕೊಯ್ಲು ಮುಗಿದು ಮುಳ್ಳುಬೇಲಿಗಳನ್ನು ಕಿತ್ತು ತರುವ ಕಾಲ. ಹೊಲ ಬಯಲಾದ ಮೇಲೆ ಬೇಲಿಗೆ ಕೆಲಸವಿಲ್ಲ. ಒಣಗಿದ ಮುಳ್ಳಿನ ಹೊರೆಗೆ ಹಗ್ಗ ಬಿಗಿದು, ಒಲೆಗೆಂದು ರಸ್ತೆಯುದ್ದಕ್ಕೂ ಎಳೆದುಕೊಂಡು ಬರುತ್ತಾರೆ. ಎಳೆದವರು ಮನೆ ಸೇರುತ್ತಾರೆ, ಉದುರಿದ ಮುಳ್ಳು ರಸ್ತೆಯಲ್ಲೇ ಉಳಿಯುತ್ತದೆ. ಆ ದಿನಗಳಲ್ಲಿ ಸೈಕಲ್ ಅಂಗಡಿಯ ಅಜ್ಜಿಗೆ ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತು ಸಿಗುತ್ತಿರಲಿಲ್ಲ.

ಅಂದು ಬೆಳಿಗ್ಗೆಯೂ ಅಂಗಡಿಯ ಮುಂದೆ ಸೈಕಲ್ಲುಗಳು ಚಕ್ರ ಮೇಲೆ ಮಾಡಿಕೊಂಡು ನಿಂತಿದ್ದವು. ಅಜ್ಜಿ ಮಣೆಯ ಮೇಲೆ ಕೂತು, ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಇಷ್ಟಿಷ್ಟೇ ಮುಳುಗಿಸುತ್ತ ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದಳು. ಒಂದು ತೂತಿಗೆ ತೇಪೆ ಹಾಕಿದರೆ ಗೇಣು ದೂರದಲ್ಲಿ ಇನ್ನೊಂದು ತೂತು ನಗುತ್ತಿತ್ತು.

"ಬೇಗ ಆಗ್ಲಿ ಅಜ್ಜೀ, ಹಾಲು ಮೊಸರಾಗ್ತಿದೆ" ಎಂದ ಹಾಲಿನವನು, ಕ್ಯಾನುಗಳನ್ನು ಗೋಡೆಯ ನೆರಳಿಗೆ ಸರಿಸುತ್ತ.

"ಆಗ್ಲಿ ಬಿಡು. ಮೊಸರಿಗೆ ಬೆಲೆ ಜಾಸ್ತಿ."

"ನಿನ್ನ ಬಾಯಿಗೂ ಒಂದು ತೇಪೆ ಹಾಕ್ಬೇಕು."

"ಹಾಕು. ಅಂಟು ಅಲ್ಲೇ ಇದೆ."

ಅವನು ನಕ್ಕು ಹೊಸ್ತಿಲ ಕಡೆ ನೋಡಿದ. ಅಲ್ಲಿ ಅಜ್ಜಿಯ ಮೊಮ್ಮಗಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಐದು ತುಂಬದ ಮಗು. ಒಂದು ಮಾತು ತಾಗಿದರೆ ಬೆಣಚುಕಲ್ಲಿನಂತೆ ಕಿಡಿ ಹಾರಿಸುತ್ತದೆಂದು ಬೀದಿಯವರೆಲ್ಲ ಅದನ್ನು ಬೆಣಚಿ ಎಂದು ಕರೆಯುತ್ತಿದ್ದರು. ಮುರಿದಿದ್ದ ಎಡಗೈಯ ಕಟ್ಟು ಬಿಚ್ಚಿ ಹೆಚ್ಚು ದಿನವಾಗಿರಲಿಲ್ಲ. ಆ ಕೈ ಇನ್ನೊಂದಕ್ಕಿಂತ ಬೆಳ್ಳಗೆ, ಸೊರಗಿದಂತೆ ಕಾಣುತ್ತಿತ್ತು.

"ಏನಮ್ಮ ಬೆಣಚಿ, ಶಿಶುವಿಹಾರಕ್ಕೆ ಹೋಗಲ್ವಾ?"

"ಇಲ್ಲ."

"ಯಾಕೆ?"

"ಅಜ್ಜಿ ಕರ್ಕೊಂಡು ಬರೋಕೆ ಬರಲ್ಲ."

"ಬರ್ತೀನಿ ಅಂದ್ರೂ ಇದೇ ಮಾತು" ಎಂದಳು ಅಜ್ಜಿ, ಟ್ಯೂಬಿನಿಂದ ಕಣ್ಣೆತ್ತದೆ.

"ಸುಳ್ಳು" ಎಂದಿತು ಮಗು. ಅದರಲ್ಲಿ ಕೋಪವೇನೂ ಇರಲಿಲ್ಲ. ಬಿಸಿಲಿದೆ ಎನ್ನುವಂತೆ ಹೇಳಿತ್ತು.

ಹಾಲಿನವನು ಗದ್ದದ ಮೇಲಿನ ಹಳೆಯ ಗಾಯದ ಗುರುತನ್ನು ಉಜ್ಜಿಕೊಂಡ. ತೇಪೆ ಮುಗಿದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೊರಟುಹೋದ.

ಆ ಗುರುತೂ ಇದೇ ಅಂಗಡಿಯದು. ಅಜ್ಜಿಯ ಗಂಡ ಇದ್ದ ಕಾಲದಿಂದಲೂ ಇಲ್ಲಿ ಚಿಕ್ಕ ಸೈಕಲ್ಲುಗಳು ಬಾಡಿಗೆಗೆ ಸಿಗುತ್ತಿದ್ದವು. ಬಾಡಿಗೆಯ ಜೊತೆಗೆ ಒಂದು ಪದ್ಧತಿಯೂ ಇತ್ತು: ಹೊಸದಾಗಿ ಕಲಿಯುವ ಮಗುವಾದರೆ ಅಂಗಡಿಯವರೇ ಸೀಟು ಹಿಡಿದು ಹಿಂದೆ ಓಡಬೇಕು. ಗಂಡನಿಗೆ ಓಡಿದರೆ ಉಬ್ಬಸ. ಆ ಕೆಲಸ ಮೊದಲಿನಿಂದಲೂ ಇವಳ ಪಾಲಿಗೇ ಬಂತು. ಅವನು ಹೋದ ಮೇಲೆ ತೇಪೆ, ಗಾಳಿ, ಚೈನು ಎಲ್ಲವೂ ಇವಳ ಪಾಲಿಗೇ ಬಂದವು. ಬೀದಿಯ ಮುಕ್ಕಾಲು ಪಾಲು ಜನ ಕಲಿತದ್ದು ಅಜ್ಜಿಯ ಕೈಯಲ್ಲಿ, ಅಜ್ಜಿಯ ಒಂದೇ ಮಾತಿನಲ್ಲಿ: "ಹಿಡ್ಕೊಂಡಿದೀನಿ, ತುಳಿ. ಹಿಡ್ಕೊಂಡಿದೀನಿ, ತುಳಿ." ಮಾತು ಹಾಗೇ ಕೇಳುತ್ತಿರುವಾಗ ಕೈ ಬಿಟ್ಟಿರುತ್ತಿತ್ತು. ಮಗು ತನಗೇ ತಿಳಿಯದೆ ಮುಂದೆ ಹೋಗಿರುತ್ತಿತ್ತು. ಬಿದ್ದರೆ ಒಂದಿಷ್ಟು ಅಳು, ಅರಿಸಿನ, ಮತ್ತೆ ಸವಾರಿ. ಆ ಸುಳ್ಳನ್ನು ಸುಳ್ಳೆಂದು ಯಾರೂ ಎಣಿಸಿರಲಿಲ್ಲ.

ಇಷ್ಟು ಜನಕ್ಕೆ ಕಲಿಸಿದ ಅಜ್ಜಿ ಮಾತ್ರ ಒಮ್ಮೆಯೂ ಸೈಕಲ್ ಹತ್ತಿದವಳಲ್ಲ. ಚಿಕ್ಕವಳಿದ್ದಾಗ ಹತ್ತಲು ಬಿಡಲಿಲ್ಲ. ಮದುವೆಯಾದ ಮೇಲೆ ನಾಚಿಕೆ. ನಾಚಿಕೆ ಬಿಡುವ ಹೊತ್ತಿಗೆ ಮೊಣಕಾಲು ಹೋಯಿತು.

ಮಳೆಗಾಲದ ಕೊನೆಯಲ್ಲಿ ಬೆಣಚಿಯ ಸರದಿ ಬಂದಿತ್ತು. ಗೋದಾಮಿನ ಹಿಂದಿನ ಓಣಿಯಲ್ಲಿ ಅಜ್ಜಿ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಂದು ನಿಂತಳು. ಕೈ ಬಿಟ್ಟುಹೋಯಿತು. ಬಾಯಿ ಮಾತ್ರ ಅಭ್ಯಾಸದಂತೆ "ಹಿಡ್ಕೊಂಡಿದೀನಿ, ತುಳಿ" ಎನ್ನುತ್ತಲೇ ಇತ್ತು. ಕಲಿತ ಬೇರೆ ಮಕ್ಕಳೆಲ್ಲ ಮುಂದೆ ನೋಡುತ್ತಿದ್ದರು, ಇದು ಹಿಂದೆ ನೋಡಿತು. ಅಷ್ಟು ದೂರದಲ್ಲಿ ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಹಿಡ್ಕೊಂಡಿದೀನಿ ಎನ್ನುತ್ತಿರುವ ಅಜ್ಜಿಯನ್ನು ಕಂಡಿತು. ಆಮೇಲೆ ಬಿತ್ತು.

ಮೂಳೆ ಕೂಡಿಕೊಂಡಿತು. ಆದರೆ ಅಂದಿನಿಂದ ಅಜ್ಜಿಯ ಯಾವ ಮಾತೂ ಮಗುವಿಗೆ ಮಾತಾಗಿ ಉಳಿಯಲಿಲ್ಲ. ಔಷಧಿ ಕಹಿ ಇಲ್ಲ ಎಂದರೆ ಸುಳ್ಳು. ಈಗ ಬಂದೆ ಎಂದರೆ ಸುಳ್ಳು. ನೀರಿನ ನಲ್ಲಿಗೆ ಹೋದರೂ ಹಿಂದೆಯೇ ಬರುತ್ತಿತ್ತು. ಕೈ ಹಿಡಿದುಕೊಳ್ಳುತ್ತಿರಲಿಲ್ಲ, ಎರಡು ಮಾರು ದೂರದಲ್ಲಿ ಕಾವಲಿನವನಂತೆ ನಡೆಯುತ್ತಿತ್ತು. ಶಿಶುವಿಹಾರದ ಬಾಗಿಲಲ್ಲಿ ಬಿಟ್ಟರೆ ಗೇಟಿನ ಸರಳು ಹಿಡಿದು ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತಿತ್ತು. ಎಳೆದು ಬಿಡಿಸುವ ಶಕ್ತಿ ಅಜ್ಜಿಗಿರಲಿಲ್ಲ. ವಾಪಸ್ಸು ಕರೆದುಕೊಂಡು ಬರುತ್ತಿದ್ದಳು.

ಒಮ್ಮೆ ಬೇಸತ್ತು ಕೇಳಿದ್ದಳು: "ನಾನೇನು ಮಾಡಿದ್ರೆ ನಿನಗೆ ಸಮಾಧಾನ?"

ಮಗು ಯೋಚಿಸಿ ಹೇಳಿತ್ತು: "ನೀನೂ ಒಂದ್ಸಲ ಬೀಳ್ಬೇಕು."

"ಬಿದ್ರೆ ನಾನು ಏಳಲ್ಲ ಕಣೇ."

"ನೀನು ಹತ್ತೇ ಇಲ್ಲ. ಅದಕ್ಕೇ ಬಿದ್ದಿಲ್ಲ."

ಅಜ್ಜಿ ಪಂಪು ಎತ್ತಿಕೊಂಡು ಗಾಳಿ ಹೊಡೆಯತೊಡಗಿದ್ದಳು.

ಮಗುವಿನ ತಾಯಿ, ಅಜ್ಜಿಯ ಮಗಳು, ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ರಜೆ ಸಿಕ್ಕಾಗ ಬಂದು, ಕೂತಲ್ಲೇ ತೂಕಡಿಸಿ, ಮತ್ತೆ ಬಸ್ಸು ಹತ್ತುತ್ತಿದ್ದಳು. ಹೋದ ಸಲ ಬಂದಾಗ ಮಾತು ಕಡ್ಡಿ ಮುರಿದಂತಿತ್ತು.

"ಮುಂದಿನ ಸಲ ಬರೋ ಹೊತ್ತಿಗೆ ಇವಳು ಶಿಶುವಿಹಾರಕ್ಕೆ ಹೋಗ್ತಿರ್ಬೇಕಮ್ಮ. ಇಲ್ಲದಿದ್ರೆ ಕರ್ಕೊಂಡು ಹೋಗ್ತೀನಿ. ನಿನ್ನ ಮುಖ ನೋಡ್ಕೊಂಡಿದೀಯಾ? ಅಂಗಡಿ, ಮನೆ, ಮೇಲೆ ಇವಳು."

"ಅಲ್ಲಿ ಯಾರು ನೋಡ್ಕೋತಾರೆ?"

"ರೂಮಿಗೆ ಬೀಗ ಹಾಕ್ಕೊಂಡು ಹೋಗ್ತೀನಿ. ಏನು ಮಾಡ್ಲಿ? ಎಲ್ಲರೂ ಅದನ್ನೇ ಮಾಡ್ತಾರೆ."

ಮಗಳು ಹೋದ ಮೇಲೆ ಅಜ್ಜಿಗೆ ಆ ಬೀಗದ್ದೇ ಯೋಚನೆ. ಸುಸ್ತಾದ ಸಂಜೆಗಳಲ್ಲಿ, ಹೋದರೆ ಹೋಗಲಿ, ನನಗೂ ಒಂದು ನಿದ್ದೆಯಾದರೂ ಬಂದೀತು ಎಂದೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ.

ಹಾಲಿನವನು ಹೋದ ಸ್ವಲ್ಪ ಹೊತ್ತಿಗೆ ಶಿಶುವಿಹಾರದ ಟೀಚರಮ್ಮ ಕೈಗಾಡಿಯೊಂದನ್ನು ತಳ್ಳಿಸಿಕೊಂಡು ಬಂದಳು. ಗಾಡಿಯಲ್ಲಿ ಯಾರೋ ಬೇಡವೆಂದು ಕೊಟ್ಟ ಪುಟಾಣಿ ಸೈಕಲ್ಲುಗಳು, ತುಕ್ಕು ಹಿಡಿದು ಒಂದರ ಮೇಲೊಂದು ಬಿದ್ದಿದ್ದವು.

"ಅಜ್ಜೀ, ಇವುಗಳ ಪೆಡಲ್ ತೆಗೆದುಕೊಡಿ."

"ಪೆಡಲ್ ಹಾಳಾಗಿದೆಯಾ?"

"ಇಲ್ಲ, ಚೆನ್ನಾಗಿದೆ. ತೆಗೀಬೇಕು. ಎರಡು ಕಡೆ ಇರೋ ಚಿಕ್ಕ ಗಾಲೀನೂ ತೆಗೀಬೇಕು."

ಅಜ್ಜಿ ಕೈ ಒರೆಸಿಕೊಂಡು ಅವಳನ್ನು ನೋಡಿದಳು. "ಟೀಚರಮ್ಮ, ನಾನು ಬೆಳಿಗ್ಗೆಯಿಂದ ಎದ್ದಿಲ್ಲ. ತಮಾಷೆ ಮಾಡೋಕೆ ನಾಳೆ ಬನ್ನಿ."

"ತಮಾಷೆ ಅಲ್ಲ ಅಜ್ಜಿ. ಪೆಡಲ್ ಇಲ್ಲದಿದ್ರೆ ಮಗು ಸೀಟಿನ ಮೇಲೆ ಕೂತು ನೆಲಾನೇ ಒದ್ದುಕೊಂಡು ಹೋಗುತ್ತೆ. ಮೊದಲು ನಡಿಗೆ, ಆಮೇಲೆ ಓಟ. ವೇಗ ಬಂದಾಗ ತಾನಾಗೇ ಕಾಲೆತ್ತುತ್ತೆ. ಬೀಳೋ ಹಾಗಾದ್ರೆ ಕಾಲು ಊರುತ್ತೆ. ತೂಕ ನಿಲ್ಲಿಸೋದು ಕಲಿತ ಮೇಲೆ ಪೆಡಲ್ ಹಾಕಿದ್ರೆ ಆಯ್ತು, ತುಳಿಯೋದು ಒಂದು ಗಳಿಗೆ ಕೆಲಸ. ನಾವೆಲ್ಲ ತುಳಿಯೋದನ್ನೇ ಮೊದಲು ಕಲಿಸ್ತೀವಿ, ಅದು ತಲೆಕೆಳಗು."

"ಹಿಂದೆ ಹಿಡ್ಕೊಳ್ಳೋರು?"

"ಯಾರೂ ಬೇಡ."

"ಯಾರೂ?"

"ಹಿಡೀಲೇಬಾರದು ಅಜ್ಜಿ. ಹಿಡಿದ್ರೆ ತೂಕ ನಾವು ಹೊತ್ತ ಹಾಗಾಯ್ತು, ಮಗುವಿಗೆ ಗೊತ್ತಾಗೋದೇ ಇಲ್ಲ."

ಹೊಸ್ತಿಲ ಮೇಲೆ ಬೆಣಚಿ ತಲೆಯೆತ್ತಿತು. ಅಜ್ಜಿ ಅದನ್ನು ಗಮನಿಸಲಿಲ್ಲ. ಅವಳಿಗೆ ತನ್ನ ಬೆನ್ನೇ ನೆನಪಾಗುತ್ತಿತ್ತು. ಎಷ್ಟು ಮಕ್ಕಳ ಹಿಂದೆ ಬಗ್ಗಿ ಓಡಿದ ಬೆನ್ನು. ಯಾರೂ ಬೇಡವಂತೆ.

"ಇಟ್ಟು ಹೋಗಿ" ಎಂದಳು.

ಮುಳ್ಳಿನ ಕೆಲಸದ ನಡುವೆ ಬಿಡುವು ಸಿಕ್ಕಾಗ ಅಜ್ಜಿ ಪುಟಾಣಿ ಸೈಕಲ್ಲುಗಳನ್ನು ಬಿಚ್ಚಿದಳು. ಬಲಗಡೆಯ ಪೆಡಲ್ ಎಲ್ಲ ತಿರುಪಿನಂತೆಯೇ ಬಿಚ್ಚುತ್ತದೆ, ಎಡಗಡೆಯದು ಉಲ್ಟಾ ತಿರುಗುತ್ತದೆ. ಅದು ಅವಳ ಕೈಗೆ ಗೊತ್ತಿತ್ತು. ಪೆಡಲ್ ಹೋದರೂ ಅದರ ತೋಳು ಮಗುವಿನ ಕಾಲಿಗೆ ಬಡಿಯುತ್ತದೆಂದು ತೋಳನ್ನೂ ಚೈನನ್ನೂ ಕಳಚಿದಳು. ಎಲ್ಲವನ್ನೂ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಳು. ತುಕ್ಕು ಉಜ್ಜಿದಳು, ಬ್ರೇಕು ಬಿಗಿ ಮಾಡಿದಳು. ಕೊನೆಗೆ ಸೀಟು. ಚಿಕ್ಕ ಸೈಕಲ್ಲಿಗೆ ಅಂಗಡಿಯಲ್ಲಿ ಮೊಳದ ಲೆಕ್ಕ: ಮೊಣಕೈಯನ್ನು ಸೀಟಿಗೆ ಊರಿದರೆ ಬೆರಳ ತುದಿ ಪೆಡಲಿನ ಅಚ್ಚಿಗೆ ತಾಗಬೇಕು. ಗಂಡ ಕಲಿಸಿದ ಲೆಕ್ಕ. ಕಣ್ಣು ಎಳೆಯುತ್ತಿದ್ದರೂ ಕೈ ತಾನಾಗಿ ಅಳೆದು, ಬಿಗಿದು, ಗೋಡೆಗೆ ಒರಗಿಸಿತು.

ತೆಗೆದುಕೊಂಡು ಹೋದ ಟೀಚರಮ್ಮ ಮರುದಿನವೇ ಸೈಕಲ್ಲುಗಳ ಸಮೇತ ಬಂದಳು.

"ಅಜ್ಜೀ, ಮಕ್ಕಳು ಬೆರಳ ತುದೀಲಿ ನಿಂತಿದಾರೆ. ಒದೆಯೋಕೆ ಆಗ್ತಿಲ್ಲ. ಇಬ್ಬರು ಪಕ್ಕಕ್ಕೆ ವಾಲಿ ಬಿದ್ರು."

"ಸೀಟು ಸರಿಯಾಗೇ ಇಟ್ಟಿದೀನಿ."

"ಪೆಡಲ್ ಇದ್ರೆ ಸರಿ. ಇದಕ್ಕೆ ಎರಡು ಪಾದಾನೂ ಪೂರ್ತಿ ನೆಲಕ್ಕೆ ಊರ್ಬೇಕು, ಮೊಣಕಾಲು ಒಂದಿಷ್ಟು ಮಡಚಿರ್ಬೇಕು."

ಅಜ್ಜಿ ಮೊಣಕೈಯನ್ನು ಸೀಟಿಗೆ ಊರಿ ನೋಡಿದಳು. ಬೆರಳ ತುದಿ ಅಚ್ಚಿಲ್ಲದ ಬರೀ ತೂತಿಗೆ ತಾಗಿತು. ಪೆಡಲೇ ಇಲ್ಲದ ಸೈಕಲ್ಲಿಗೆ ಪೆಡಲಿನ ಲೆಕ್ಕ! ನಾಚಿಕೆಗಿಂತ ಹೆಚ್ಚಾಗಿ ದಣಿವು ಬಂತು. ಮಾಡಿದ್ದನ್ನೇ ಮತ್ತೆ ಮಾಡಬೇಕಲ್ಲ.

"ತಪ್ಪು ನಂದೇ" ಎಂದಳು. "ಬಿಟ್ಟು ಹೋಗಿ."

"ತಪ್ಪು ನಂದೇ" ಎಂಬ ಮಾತಿಗೆ ಮಾತ್ರ ಸುಳ್ಳು ಎನ್ನಲಿಲ್ಲ ಮಗು.

ಸೀಟಿನ ಕೊಳವೆಗಳು ಉದ್ದವಾಗಿದ್ದು ಕೆಳಗಿಳಿಯಲಿಲ್ಲ. ಅಜ್ಜಿ ಒಂದನ್ನು ಕಳಚಿ, ದಿಮ್ಮಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ, ಗರಗಸ ತೆಗೆದುಕೊಂಡು ಕೂತಳು. ಎಳೆದಷ್ಟೂ ಭುಜ ನೋಯುತ್ತಿತ್ತು. ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಎಳೆಯುತ್ತಿದ್ದಳು. ಎಷ್ಟು ಕತ್ತರಿಸಬೇಕೆಂದು ಕಣ್ಣಂದಾಜಿಗೆ ಸಿಗಲಿಲ್ಲ. ಅಳತೆಗೆ ಒಂದು ಮಗು ಬೇಕಿತ್ತು.

"ಬೆಣಚಿ, ಇಲ್ಲಿ ಬಂದು ಒಂದ್ಸಲ ನಿಂತ್ಕೋ."

"ಹತ್ತಲ್ಲ."

"ಹತ್ತೋದು ಬೇಡ. ನಡುವೆ ನಿಂತ್ಕೋ ಸಾಕು. ಕಾಲು ನೆಲದ ಮೇಲೇ ಇರುತ್ತೆ."

"ನೀನು ಹಿಡೀಬಾರದು."

"ಹಿಡಿಯಲ್ಲ."

"ಹಿಡಿದ್ರೆ?"

"ಹಿಡಿಯೋಕೆ ನನ್ನ ಕೈಯಲ್ಲಿ ಶಕ್ತಿ ಇಲ್ಲ ಕಣೇ. ನೋಡು, ನಡುಗ್ತಿದೆ."

ಮಗು ಎದ್ದು ಬಂದು ಅಜ್ಜಿಯ ಕೈಯನ್ನು ಬಗ್ಗಿ ನೋಡಿತು. ನಿಜವಾಗಿಯೂ ನಡುಗುತ್ತಿತ್ತು. ಆಮೇಲೆ ಸೈಕಲ್ಲಿನ ನಡುವೆ ಕಾಲು ಹಾಕಿ, ಸೀಟಿಗೆ ಮೈ ತಾಗಿಸಿ ನಿಂತಿತು. ಅಜ್ಜಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು. ಕತ್ತರಿಸಿ ಕೂರಿಸಿದ ಮೇಲೆ ಮತ್ತೊಮ್ಮೆ ಕೂತು ನೋಡೆಂದಳು. ಮಗು ಕೂತು ಎರಡು ಪಾದಗಳನ್ನೂ ನೆಲಕ್ಕೆ ತಪತಪ ಬಡಿಯಿತು. ಒಂದು ಹೆಜ್ಜೆ ಇಟ್ಟಿತು. ಸೈಕಲ್ಲೂ ಒಂದು ಹೆಜ್ಜೆ ಬಂತು.

ಉಳಿದ ಕೊಳವೆಗಳನ್ನು ಕತ್ತರಿಸಲು ಅಜ್ಜಿಗೆ ದಿನಗಳೇ ಹಿಡಿದವು. ಅಷ್ಟು ದಿನವೂ ಬೆಣಚಿ ಆ ಸೈಕಲ್ಲಿನಿಂದ ಇಳಿಯಲಿಲ್ಲ. ಮೊದಲು ಅಂಗಡಿಯೊಳಗೆ ಗೋಡೆಯಿಂದ ಗೋಡೆಗೆ ನಡೆಯಿತು. ಬಿಚ್ಚಿಟ್ಟ ಚಕ್ರಗಳಿಗೆ ಡಿಕ್ಕಿ ಹೊಡೆಯಿತು, ಬೋಗುಣಿಯ ನೀರು ಚೆಲ್ಲಿತು. "ಹೊರಗೆ ಹೋಗೇ ಮಾರಾಯ್ತಿ" ಎಂದರೆ ಬಾಗಿಲವರೆಗೆ ಹೋಗಿ, ಅಜ್ಜಿ ಕಾಣುವಷ್ಟು ದೂರದಲ್ಲೇ ತಿರುಗಿ ಬಂತು. ನಿಲ್ಲಿಸಲು ಬ್ರೇಕಿನ ನೆನಪೇ ಇಲ್ಲ. ಚಪ್ಪಲಿಯ ತುದಿಯನ್ನು ನೆಲಕ್ಕೆ ಉಜ್ಜುತ್ತಿತ್ತು. ಚಪ್ಪಲಿ ಸವೆದು ಹೆಬ್ಬೆರಳು ಹೊರಗೆ ಬಂತು.

ಹಾಲಿನವನು ನೋಡಿ ನಕ್ಕ. "ಇದೇನಜ್ಜಿ, ಕಾಲಿಲ್ಲದ ಸೈಕಲ್ಲು?"

"ಸೈಕಲ್ಲಿಗೆ ಕಾಲಿಲ್ಲ, ನನಗಿದೆ" ಎಂದಿತು ಬೆಣಚಿ.

"ನಮ್ಮ ಕಾಲಕ್ಕೆ ಇದಿದ್ದಿದ್ರೆ ನನ್ನ ಗದ್ದ ನೆಟ್ಟಗಿರ್ತಿತ್ತು."

"ಗದ್ದಕ್ಕೇನೋ ಆಗ್ತಿರಲಿಲ್ಲ. ಆ ಸೊಟ್ಟ ಮೂಗು ಮಾತ್ರ ದೇವರೇ ಕೊಟ್ಟಿದ್ದು" ಎಂದಳು ಅಜ್ಜಿ.

ಕೊನೆಯ ಕೊಳವೆ ಕತ್ತರಿಸಿದ ದಿನ ಮಧ್ಯಾಹ್ನ ಬೆಣಚಿ ಗೋದಾಮಿನ ಓಣಿಗೆ ಹೋಗಬೇಕೆಂದಿತು. ಬಿದ್ದ ಮೇಲೆ ಆ ಕಡೆ ತಲೆಯನ್ನೂ ಹಾಕಿರಲಿಲ್ಲ. ಅಂಗಡಿಯಲ್ಲಿ ಅಂಚೆಯವನ ಸೈಕಲ್ಲು ಕಾಯುತ್ತಿತ್ತು. ಅಜ್ಜಿ ಒಮ್ಮೆ ಅದನ್ನು ನೋಡಿ, ನಿಟ್ಟುಸಿರು ಬಿಟ್ಟು, ಗೋಡೆ ಹಿಡಿದು ಎದ್ದಳು.

ಓಣಿ ಆ ತುದಿಯ ಕಡೆ ಸ್ವಲ್ಪವೇ ಇಳಿಜಾರು. ಒಂದು ಕಡೆ ಗೋದಾಮಿನ ಉದ್ದ ಗೋಡೆ, ಇನ್ನೊಂದು ಕಡೆ ಮಡಿಸಿಟ್ಟ ಖಾಲಿ ಚೀಲಗಳ ರಾಶಿ. ಅಜ್ಜಿ ಚೀಲದ ರಾಶಿಯ ಮೇಲೆ ಕೂತಳು. ಓಡುವುದಿಲ್ಲ, ಹಿಡಿಯುವುದಿಲ್ಲ ಎಂದ ಮೇಲೆ ನಿಲ್ಲುವುದಾದರೂ ಯಾಕೆ? ಇಷ್ಟು ವರ್ಷದಲ್ಲಿ ಕಲಿಯುವ ಮಗುವೊಂದು ಮುಂದಿರುವಾಗ ಅವಳು ಕೂತದ್ದು ಅದೇ ಮೊದಲು.

ಬೆಣಚಿ ನಡೆಯಿತು. ಆಮೇಲೆ ನಡಿಗೆ ದಾಪುಗಾಲಾಯಿತು. ಇಳಿಜಾರು ಸಿಕ್ಕಿದಾಗ ಸೈಕಲ್ಲು ತಾನೇ ಎಳೆದುಕೊಂಡಿತು, ಮಗು ಒಮ್ಮೆ ಒದ್ದು ಕಾಲುಗಳನ್ನು ಮೇಲೆತ್ತಿತು. ಚಪ್ಪಲಿ ಉಜ್ಜುವ ಸದ್ದು ನಿಂತುಹೋಯಿತು. ಟೈರು ಮಣ್ಣಿನ ಮೇಲೆ ಹೊರಳುವ ಸದ್ದಷ್ಟೇ.

"ಅಜ್ಜೀ!" ತಿರುಗಿ ನೋಡದೆ ಕೂಗಿತು. "ಹಿಡ್ಕೊಂಡಿದೀಯಾ?"

ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಹಿಡ್ಕೊಂಡಿದೀನಿ, ತುಳಿ. ಯಾವ ಮಗು ಕೇಳಿದರೂ ಬಾಯಿ ಅದನ್ನೇ ಹೇಳಿತ್ತು. ಅವಳು ಹಲ್ಲು ಕಚ್ಚಿ ಅದನ್ನು ನುಂಗಿದಳು.

"ಇಲ್ಲ!" ಎಂದು ಕೂಗಿದಳು. "ಚೀಲದ ಮೇಲೆ ಕೂತಿದೀನಿ!"

ಮಗು ಹಿಂದೆ ನೋಡಿತು. ಹ್ಯಾಂಡಲ್ ಅಲ್ಲಾಡಿತು, ಸೈಕಲ್ಲು ಗೋಡೆಯ ಕಡೆ ವಾಲಿತು. ಅಜ್ಜಿ ಚೀಲ ಹಿಡಿದು ಏಳಲು ನೋಡುವಷ್ಟರಲ್ಲಿ ಬೆಣಚಿ ಎರಡೂ ಪಾದ ಊರಿತು. ನಿಂತಿತು. ನಿಂತುಕೊಂಡೇ ಅಜ್ಜಿಯನ್ನೂ ಚೀಲದ ರಾಶಿಯನ್ನೂ ನೋಡಿತು. ಹೇಳಿದ ಜಾಗದಲ್ಲೇ ಇದ್ದಳು ಅಜ್ಜಿ.

ಸೈಕಲ್ಲು ತಿರುಗಿಸಿಕೊಂಡು ಬಂದು, ಮತ್ತೆ ಮೇಲಿನಿಂದ ಶುರು ಮಾಡಿತು.

ಸೈಕಲ್ಲುಗಳನ್ನು ಒಯ್ಯಲು ಟೀಚರಮ್ಮ ಬಂದಾಗ ಬೆಣಚಿ ತನ್ನದನ್ನು ಬಿಡಲಿಲ್ಲ. "ಇದು ಅಲ್ಲಿಗೇ ಸೇರಿದ್ದು ಪುಟ್ಟಾ. ಅಲ್ಲಿಗೆ ಬಂದ್ರೆ ನೀನೇ ಓಡಿಸು" ಎಂದಳು ಟೀಚರಮ್ಮ.

ಮಗು ಅಜ್ಜಿಯ ಕಡೆ ತಿರುಗಿತು. "ಕರ್ಕೊಂಡು ಬರೋಕೆ ಬರ್ತೀಯಾ?"

"ಬರ್ತೀನಿ" ಎಂದಳು ಅಜ್ಜಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾವಾಗಲೂ ನಿಲ್ಲಿಸುತ್ತಿದ್ದದ್ದು ಅಲ್ಲಿಗೇ. ಅಂಗಡಿಯ ಮುಂದೆ ತಲೆಕೆಳಗಾಗಿ ನಿಂತ ಸೈಕಲ್ಲುಗಳನ್ನು ನೋಡಿ ಮುಂದುವರಿಸಿದಳು. "ಆದ್ರೆ ಬೇಗ ಬರಲ್ಲ. ಮುಳ್ಳಿನ ಕಾಲ ಇದು, ಕೆಲಸ ಮುಗಿಯಲ್ಲ. ಎಲ್ಲ ಮಕ್ಕಳೂ ಮನೆಗೆ ಹೋಗಿರ್ತಾರೆ, ಕೊನೆಗೆ ನೀನೊಬ್ಬಳೇ ಉಳೀತೀಯ. ನಿನಗೆ ಅಳು ಬರಬಹುದು. ಆಮೇಲೆ ಬರ್ತೀನಿ."

"ಅಯ್ಯೋ, ಹಾಗೆಲ್ಲ ಹೇಳಿ ಹೆದರಿಸಬೇಡಿ ಅಜ್ಜಿ" ಎಂದಳು ಟೀಚರಮ್ಮ.

ಬೆಣಚಿ ಸೊರಗಿದ ಎಡಗೈಯಿಂದ ಮೂಗು ಒರೆಸಿಕೊಂಡು ಯೋಚಿಸಿತು. "ಕತ್ತಲಾಗುತ್ತಾ?"

"ಕತ್ತಲಾಗಲ್ಲ. ಬಿಸಿಲು ಹೋಗಿರುತ್ತೆ."

"ಸರಿ" ಎಂದು ಕೈಗಾಡಿಯ ಹಿಂದೆ ನೆಲ ಒದೆಯುತ್ತ ಹೊರಟಿತು.

ಆ ದಿನ ಅಜ್ಜಿ ಕೆಲಸಕ್ಕಿಂತ ಹೆಚ್ಚಾಗಿ ಬಿಸಿಲನ್ನು ನೋಡಿದಳು. ಬೇಗ ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು, ಗಿರಾಕಿಗಳು ಬಿಡಲಿಲ್ಲ. ಬಿಸಿಲು ಗೋದಾಮಿನ ತಗಡಿನಿಂದ ಜಾರಿದ ಮೇಲೆ, ಅರ್ಧ ಮುಗಿದ ಟ್ಯೂಬನ್ನು ಹಾಗೇ ಬಿಟ್ಟು, ಕೈಯಲ್ಲಿ ಅಂಟು ಮೆತ್ತಿಕೊಂಡೇ ನಡೆದಳು. ಶಿಶುವಿಹಾರದ ಅಂಗಳ ಖಾಲಿಯಾಗಿತ್ತು. ಬಾಗಿಲಲ್ಲಿ ಟೀಚರಮ್ಮ ಬೀಗದ ಕೈ ಹಿಡಿದು ಆಕಳಿಸುತ್ತಿದ್ದಳು. ಬೆಣಚಿ ಗೇಟಿನಿಂದ ದೂರ, ಅಂಗಳದ ನಡುವೆ, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತಿತ್ತು. ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಗೆರೆ ಇತ್ತು.

"ಅತ್ತುಬಿಟ್ಯಾ?"

"ಹೂಂ. ನೀನು ಹೇಳಿದ ಹಾಗೇ ಆಯ್ತು" ಎಂದಿತು ಮಗು.

ಸೈಕಲ್ಲನ್ನು ಅಲ್ಲಿಯೇ ಒಳಗಿಟ್ಟು ಇಬ್ಬರೂ ಮನೆಯ ಕಡೆ ನಡೆದರು. ರಸ್ತೆಯಲ್ಲಿ ಯಾರೋ ಮುಳ್ಳಿನ ಹೊರೆ ಎಳೆದುಕೊಂಡು ಹೋದ ಗೀರು ಬಿದ್ದಿತ್ತು. ಅಜ್ಜಿ ಅದನ್ನು ದಾಟುವಾಗ ನಾಳೆಯ ಕೆಲಸವನ್ನು ನೆನೆದು ಮುಖ ಸಿಂಡರಿಸಿದಳು. ಮಗು ಎರಡು ಮಾರು ದೂರದಲ್ಲಿಯೇ ಬರುತ್ತಿತ್ತು. ಮೋರಿಯ ಹತ್ತಿರ ಬಂದಾಗ ಒಂದು ಮಾರು. ತಿರುವಿನಲ್ಲಿ ಅದರ ಬೆವರಿದ ಕೈ ಬಂದು ಅಜ್ಜಿಯ ಕೈಗೆ ಸೇರಿತು. ಅಂಟಿಗೆ ಅಂಟಿಕೊಂಡಿತು.

"ಈ ಸಲ ಅಮ್ಮ ಬರ್ತಾಳಾ?"

"ಗೊತ್ತಿಲ್ಲ. ರಜೆ ಕೊಟ್ರೆ ಬರ್ತಾಳೆ."

"ಹೂಂ."

ಸ್ವಲ್ಪ ದೂರ ನಡೆದ ಮೇಲೆ ಮಗು ಹೇಳಿತು. "ಅಜ್ಜಿ, ನೀನು ಇನ್ನೂ ಬಿದ್ದಿಲ್ಲ."

"ಮರೆತಿಲ್ವೇನೇ ನೀನು?"

"ಇಲ್ಲ."

ಅಜ್ಜಿ ಒಂದು ಕ್ಷಣ ನಿಂತು, ಬಿಡುವಿದ್ದ ಕೈಯಿಂದ ಸೊಂಟವನ್ನು ಒತ್ತಿಕೊಂಡಳು. ಅಂಗಡಿಯ ಮುಂದೆ ಅಂಚೆಯವನು ಬಂದು ಕಾಯುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು.

"ಬೀಳ್ತೀನಿ ಕಣೇ, ಅವಸರ ಮಾಡ್ಬೇಡ" ಎಂದಳು. "ಇವತ್ತು ಮಾತ್ರ ಬೇಡ. ಇನ್ನೂ ಎರಡು ಟ್ಯೂಬು ಇದೆ."